ಹದಿನಾಲ್ಕು ಮನೆಯ ಒಂದು ಫ್ಯಾನು

ಆ ವರ್ಷ ಹೈಬ್ರಿಡ್ ಬೆಂಡೆ ಬೀಜದ ಇಳುವರಿ ಎರಡು ಪಟ್ಟಾಯಿತು. ಅದೇ ವರ್ಷ, ಆ ಬೀಜದ ಹೊಲಗಳಲ್ಲಿ ದುಡಿಯುವ ಹೆಂಗಸರ ಓಣಿಯಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಮನೆಗಳ ರೇಷನ್ ಕಾರ್ಡನ್ನು ಸರ್ಕಾರ ರದ್ದು ಮಾಡಿತು.

ಕಾರಣವನ್ನು ಕಚೇರಿಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದರು: ಈ ಕುಟುಂಬಗಳು ಬಡತನದಿಂದ ಹೊರಬಂದಿವೆ. ಯಾವಾಗ ಹೊರಬಂದೆವು, ಯಾವ ಬಾಗಿಲಿನಿಂದ ಬಂದೆವು ಎಂಬುದು ಓಣಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

"ನನಗಂತೂ ಹೇಳೇ ಇಲ್ಲ ಕಣೇ. ಮೊದಲೇ ಹೇಳಿದ್ರೆ ಚಪ್ಪಲಿನಾದ್ರೂ ಹಾಕ್ಕೊಂಡು ಬರ್ತಿದ್ದೆ" ಎಂದಳು ಕೊನೆಮನೆಯ ರೇಡಿಯೋ. ಅವಳ ಮನೆಯಲ್ಲಿ ರೇಡಿಯೋ ಇರಲಿಲ್ಲ. ಅವಳಿದ್ದ ಮೇಲೆ ಬೇರೆ ರೇಡಿಯೋ ಬೇಕಿಲ್ಲ ಎಂದು ಓಣಿಯವರು ಆ ಹೆಸರಿಟ್ಟಿದ್ದರು.

ನಗದೆ ಇದ್ದವಳು ಮೊದಲನೇ ಮನೆಯ ದಾರದಕ್ಕ ಒಬ್ಬಳೇ. ಅವಳ ಮಗಳಿಗೆ ಪಟ್ಟಣದ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಊಟ, ವಸತಿ ಎಲ್ಲ ಪುಕ್ಕಟೆ, ಆದರೆ ರೇಷನ್ ಕಾರ್ಡು ತೋರಿಸಬೇಕು. ತಿಂಗಳ ಕೊನೆಯೊಳಗೆ ತೋರಿಸದಿದ್ದರೆ ಹಾಸಿಗೆ ಬೇರೆಯವರಿಗೆ. ಹುಡುಗಿ ಆಗಲೇ ಬಿಳಿ ಸಮವಸ್ತ್ರ ಹೊಲಿಸಿಕೊಂಡು, ಅಜ್ಜಿಯ ನಾಡಿ ಹಿಡಿದು ಹಿಡಿದು ಅಜ್ಜಿಗೆ ಸಾಕುಸಾಕು ಮಾಡಿದ್ದಳು.

ಓಣಿಯ ಕಸುಬನ್ನು ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಹೊಲಕ್ಕಿಳಿದು ನಾಳೆ ಅರಳುವ ಮೊಗ್ಗನ್ನು ಹುಡುಕಬೇಕು. ಉಗುರಿನಿಂದ ಸಿಪ್ಪೆ ಸೀಳಿ, ಒಳಗಿನ ಗಂಡು ಕೇಸರವನ್ನೆಲ್ಲ ಕೆರೆದು ತೆಗೆದು, ಮೊಗ್ಗಿಗೆ ಕೆಂಪು ಕಾಗದದ ಟೋಪಿ ಹಾಕಬೇಕು. ಬೆಳಿಗ್ಗೆ ಟೋಪಿ ತೆಗೆದು, ಇನ್ನೊಂದು ತಳಿಯ ಹೂವನ್ನು ತಂದು ಒರೆಸಿ, ತೊಟ್ಟಿಗೆ ದಾರ ಕಟ್ಟಬೇಕು. ದಾರ ಇದ್ದ ಕಾಯಿ ಮಾತ್ರ ಬೀಜಕ್ಕೆ, ಉಳಿದದ್ದು ಸಾರಿಗೆ. "ನಾವು ಮದುವೆ ದಲ್ಲಾಳಿಗಳು ಕಣ್ರೀ" ಎಂದು ರೇಡಿಯೋ ಹೊಲದ ಉಸ್ತುವಾರಿಯವನನ್ನು ಕಿಚಾಯಿಸುತ್ತಿದ್ದಳು. "ದಿನಕ್ಕೆ ಸಾವಿರ ಮದುವೆ ಮಾಡಿಸ್ತೀವಿ. ಒಂದರಲ್ಲಾದ್ರೂ ನಮ್ಮನ್ನ ಊಟಕ್ಕೆ ಕೂರಿಸಿದ್ದೀರಾ?"

ಈ ಕೆಲಸದಲ್ಲಿ ಒಂದು ಕಳ್ಳದಾರಿ ಇದೆ. ಕೇಸರ ತೆಗೆಯದ ಹೂವಿಗೂ ದಾರ ಕಟ್ಟಬಹುದು. ಕಾಯಿ ಹಾಗೇ ಬಲಿಯುತ್ತದೆ, ಬೀಜವೂ ಹಾಗೇ ಉರುಟಾಗಿರುತ್ತದೆ, ಎಣಿಸುವವನಿಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಮುಂದಿನ ವರ್ಷ, ಆ ಬೀಜ ಕೊಂಡು ಬಿತ್ತಿದ ಯಾರದೋ ಹೊಲದಲ್ಲಿ ಬೆಳೆ ಕೈಕೊಟ್ಟಾಗ. ದಾರದಕ್ಕ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಹೂವಿಗೂ ಹಾಗೆ ಕಟ್ಟಿದವಳಲ್ಲ. ಅವಳಿಗೆ ಆ ಹೆಸರು ಬಂದದ್ದೇ ಅದರಿಂದ.

ಇನ್ನು ಮರ್ಯಾದೆ ಸಾಮಾನಿನ ವಿಚಾರ. ಬಹಳ ಹಿಂದೆ ಓಣಿಯ ಒಂದು ಹುಡುಗಿಯನ್ನು ನೋಡಲು ಬಂದವರು ಕೂರಲು ಕುರ್ಚಿಯಿಲ್ಲದೆ ಗೊಬ್ಬರದ ಚೀಲದ ಮೇಲೆ ಕೂತಿದ್ದರು. ಎದ್ದು ಹೋಗುವಾಗ ವರನ ಬಿಳಿ ಪ್ಯಾಂಟಿನ ಹಿಂದೆ "ಯೂರಿಯಾ" ಎಂದು ಅಚ್ಚಾಗಿತ್ತು. ಸಂಬಂಧ ಮುರಿಯಿತು. ಆಮೇಲೆ ಹದಿನಾಲ್ಕು ಮನೆಯವರೂ ಸೇರಿ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು, ಒಂದು ಗೋಡೆ ಗಡಿಯಾರ, ಹೂವಿನ ಚಿತ್ರದ ನಾಲ್ಕು ಗಾಜಿನ ಲೋಟ ಕೊಂಡರು. ಯಾರ ಮನೆಗೆ ನೆಂಟರು ಬಂದರೂ ಅವರಿಗಿಂತ ಮೊದಲು ಈ ಸಾಮಾನು ಬರಬೇಕು. ಮನೆಗಳ ಬೆನ್ನಿಗೆ ಒಂದೇ ಚರಂಡಿ, ಚರಂಡಿಯ ಪಕ್ಕಕ್ಕೆ ಕಾಲುದಾರಿ, ಆ ದಾರಿಗೆ ಹದಿನಾಲ್ಕೂ ಹಿಂಬಾಗಿಲು. ಕುರ್ಚಿ ಹೊರುವವರು, ಫ್ಯಾನು ಹೊರುವವರು, ಗಡಿಯಾರಕ್ಕೆ ಮೊಳೆ ನೋಡಿಟ್ಟವರು ಎಲ್ಲ ಬೇರೆ ಬೇರೆ. ಬಂದವರನ್ನು ಬೀದಿಯಲ್ಲಿ ತಡೆದು ಕ್ಷೇಮಸಮಾಚಾರ ಕೇಳುವ ಕೆಲಸ ಮಾತ್ರ ಎಂದೆಂದಿಗೂ ರೇಡಿಯೋದ್ದು. ಈ ಗುಟ್ಟು ಇವತ್ತಿಗೂ ಯಾವ ನೆಂಟನಿಗೂ ಗೊತ್ತಾಗಿಲ್ಲ.

ಕಾರ್ಡು ರದ್ದಾಗುವ ಮೊದಲು, ಯಾರು ಬಡವರು ಎಂದು ಗಣತಿ ಮಾಡಲು ಬಂದವರು ಶಾಲೆಯ ಟೀಚರಮ್ಮ. ರಜೆಯಲ್ಲಿ ಬಿಸಿಲು ತಲೆ ಸುಡುವ ಹೊತ್ತಿಗೆ, ಕೈಯಲ್ಲಿ ಸರ್ಕಾರದ ಫೋನು ಹಿಡಿದು ಬಂದರು. ಅವರಿಗೆ ಮೇಲಿನಿಂದ ಹೇಳಿ ಕಳಿಸಿದ್ದು ಇಷ್ಟೇ: ಬಡವರನ್ನು ಏನೂ ಕೇಳಬೇಡಿ, ಕೇಳಿದರೆ ಸುಳ್ಳು ಹೇಳುತ್ತಾರೆ, ಒಳಗೆ ಹೋಗಿ ಕೂತು, ಕಣ್ಣಿಗೆ ಕಂಡದ್ದಕ್ಕೆ ಗುರುತು ಹಾಕಿ.

ಟೀಚರಮ್ಮ ಬಿಸಿಲಲ್ಲಿ ಬಂದಿದ್ದಾರೆ, ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು, ನೆಲದ ಮೇಲೆ ಕೂರಿಸುವುದುಂಟೆ? ದಾರದಕ್ಕನ ಅತ್ತೆ, ಓಣಿಗೆಲ್ಲ ಅಜ್ಜಿ, ಸೊಂಟಕ್ಕೆ ಸೆರಗು ಬಿಗಿದಳು. "ಏಳ್ರೇ, ಸಾಮಾನು ಹೊರಡಿಸಿ!"

ಟೀಚರಮ್ಮ ಮೊದಲ ಮನೆಯಲ್ಲಿ ಕೂತರು. ಫ್ಯಾನು ತಿರುಗುತ್ತಿತ್ತು. ಗುರುತು ಹಾಕಿದರು. ಕುರ್ಚಿ, ಗುರುತು. ಗಡಿಯಾರ, ಗುರುತು. ಹೊರಗೆ ಬಂದರೆ ರೇಡಿಯೋ. "ಟೀಚರಮ್ಮ, ತೆಳ್ಳಗಾಗಿದ್ದೀರಲ್ಲ! ಮನೇಲಿ ಎಲ್ಲರೂ ಚೆನ್ನಾಗಿದ್ದಾರಾ? ನಿಮ್ಮ ಯಜಮಾನರ ಮಂಡಿನೋವು?" ಅಷ್ಟರಲ್ಲಿ ಹಿಂದಿನಿಂದ ಫ್ಯಾನು ಎರಡನೇ ಮನೆ ಸೇರಿತು. ಹೀಗೆ ಹದಿನಾಲ್ಕು ಮನೆ. ಆರನೇ ಮನೆಯಲ್ಲಿ ಕೂತ ಕುರ್ಚಿ ಬೆಚ್ಚಗಿದೆಯಲ್ಲ ಎಂದು ಟೀಚರಮ್ಮನಿಗೆ ಅನಿಸಿತ್ತಂತೆ. ಹತ್ತನೇ ಮನೆಯ ಗಾಜಿನ ಲೋಟದ ಅಂಚಿನಲ್ಲಿ ತಮ್ಮದೇ ತುಟಿಯ ಬಣ್ಣ ಕಂಡಿತಂತೆ. ಆದರೆ ಅದನ್ನೆಲ್ಲ ಬರೆಯಲು ಫೋನಿನಲ್ಲಿ ಜಾಗ ಇರಲಿಲ್ಲ.

ಹೀಗೆ ಒಂದೇ ಮಧ್ಯಾಹ್ನದಲ್ಲಿ ಇಡೀ ಓಣಿ ಬಡತನದಿಂದ ಹೊರಬಂತು, ಚರಂಡಿಯ ಪಕ್ಕದ ದಾರಿಯಿಂದ.

ದಾರದಕ್ಕ ಕಚೇರಿಗೆ ಹೋದಳು. ಕಿಟಕಿಯೊಳಗಿನ ಗುಮಾಸ್ತರು ಪರದೆ ನೋಡಿ ಹೇಳಿದರು: "ನಿಮ್ಮ ಮನೇಲಿ ಫ್ಯಾನಿದೆಯಲ್ಲಮ್ಮ."

"ಇತ್ತು ಸಾರ್. ಅದೇ ಫ್ಯಾನು ಹದಿನಾಲ್ಕು ಮನೇಲೂ ಇತ್ತು."

"ಹದಿನಾಲ್ಕು ಮನೇಲೂ ಇದೆಯಾ? ಸಂತೋಷ. ಮತ್ತೆ ಯಾಕಮ್ಮ ಗೋಳಾಡ್ತೀರಿ?"

"ಒಂದೇ ಫ್ಯಾನು ಸಾರ್. ಹೊತ್ಕೊಂಡು ಹೋಗಿದ್ದು."

ಗುಮಾಸ್ತರು ತಮ್ಮ ತಲೆಯ ಮೇಲೆ ತಿರುಗದೆ ನಿಂತಿದ್ದ ಫ್ಯಾನನ್ನು ಒಮ್ಮೆ ನೋಡಿದರು. "ಹೊತ್ಕೊಂಡು ಹೋಗಿದ್ದು ಅಂತ ಒತ್ತೋಕೆ ಇಲ್ಲಿ ಗುಂಡಿ ಇಲ್ಲ. ಮುಂದಿನ ಗಣತಿಗೆ ಬನ್ನಿ."

"ಯಾವಾಗ ಸಾರ್?"

"ಐದು ವರ್ಷ."

ಅದಾಗಿ ವಾರಕ್ಕೆ ಜೀಪು ಬಂತು. ಇಳಿದವರು ಅಭಿವೃದ್ಧಿ ಸಾಹೇಬರು. ಇಡೀ ತಾಲ್ಲೂಕಿಗೆ ಅಭಿವೃದ್ಧಿ ತರುವ ಕೆಲಸ ಅವರದು, ಬಂದಿದೆ ಎಂದು ಬರೆಯುವ ಕೆಲಸವೂ ಅವರದೇ. ಮುಖದ ತುಂಬ ನಗು. ಗುರುವಾರ ದೂರದ ದೇಶದಿಂದ ದೊಡ್ಡವರು ಬರುತ್ತಾರೆ, ಬೇಸಾಯ ಬೆಳೆದ ಮೇಲೆ ಕೂಲಿಯವರ ಬಾಳು ಹೇಗೆ ಬೆಳಗಿತು ಎಂದು ನೋಡಲು ಈ ಓಣಿಯನ್ನೇ ಆರಿಸಿದ್ದಾರೆ, ಮನೆಮನೆಗೂ ಬರುತ್ತಾರೆ ಎಂದರು. ಅವರ ಕೈಯಲ್ಲಿದ್ದ ನುಣುಪು ಪುಸ್ತಕದ ರಟ್ಟಿನ ಮೇಲೆ ಟೀಚರಮ್ಮ ಫೋನಿನಲ್ಲಿ ತೆಗೆದಿದ್ದ ದಾರದಕ್ಕನ ಮನೆಯದೇ ಚಿತ್ರ. ಅಜ್ಜಿ, ಪಕ್ಕದಲ್ಲಿ ಫ್ಯಾನು.

"ಬನ್ನಿ, ಎರಡನೇ ಮನೆ ನೋಡೋಣ" ಎಂದು ಸಾಹೇಬರು ಹೊರಟರು.

"ಒಂದು ಚೂರು ತಡೀಪ್ಪ. ಫ್ಯಾನು ಆ ಮನೆಗೆ ಹೋಗ್ಲಿ" ಎಂದಳು ಅಜ್ಜಿ.

ಸಾಹೇಬರು ಅಲ್ಲೇ ನಿಂತರು. ಹಿಂಬಾಗಿಲಿಗೆ ಹೋಗಿ ಬಗ್ಗಿ ನೋಡಿದರು. ಕಾಲುದಾರಿಯಲ್ಲಿ ಇಬ್ಬರು ಹೆಂಗಸರು ಆಗಲೇ ತಲೆಗೊಂದೊಂದು ಕುರ್ಚಿ ಹೊತ್ತು ಹೊರಟಿದ್ದರು. ಸಾಹೇಬರು ಒಳಗೆ ಬಂದು ಫ್ಯಾನಿನ ಮುಂದೆಯೇ ಕೂತು ಬೆವರಿದರು. ಕುರ್ಚಿ ಹೋಗಿದ್ದರಿಂದ ನೆಲದ ಮೇಲೆ.

"ಪುಸ್ತಕ ಅಚ್ಚಾಗಿಹೋಗಿದೆ" ಎಂದರು.

"ಅದಕ್ಕೇನಂತೆ, ಕಾರ್ಡು ಅಚ್ಚು ಮಾಡಿಕೊಡಿ" ಎಂದಳು ದಾರದಕ್ಕ.

"ಅಮ್ಮ, ನನ್ನ ಮಾತು ಕೇಳಿ. ಹದಿನಾಲ್ಕು ಕಾರ್ಡು ಈಗ ನನ್ನ ಕೈಲಿಲ್ಲ. ನಿಮ್ಮ ಮಗಳಿಗೆ ಹಾಸ್ಟೆಲ್ಲಿಗೆ ಒಂದು ವಿಶೇಷ ಪತ್ರ ಕೊಡೋದು ನನ್ನ ಕೈಲಿದೆ. ಗುರುವಾರ ಸಂಜೆಯೇ ಕೊಡ್ತೀನಿ. ನೀವು ಹೊಸದಾಗಿ ಏನೂ ಮಾಡೋದು ಬೇಡ. ಟೀಚರಮ್ಮ ಬಂದಾಗ ಏನು ಮಾಡಿದ್ರೋ ಅದನ್ನೇ ಇನ್ನೊಂದು ಸಲ ಮಾಡಿ."

"ಗುರುವಾರದ ಮೇಲೆ ನಮ್ಮ ಕಾರ್ಡು?"

"ದೊಡ್ಡವರೇ ಕಣ್ಣಾರೆ ನೋಡಿ ಹೋದ ಮೇಲೆ ನಿಮ್ಮ ಮನೇಲಿ ಫ್ಯಾನಿಲ್ಲ ಅನ್ನೋಕಾಗುತ್ತಾ ಅಮ್ಮ?" ಎಂದು ಸಾಹೇಬರು ಮೃದುವಾಗಿ ಹೇಳಿ, ನೆಲಕ್ಕೆ ಕೈಯೂರಿ ಎದ್ದರು.

ಆ ಸಂಜೆ ಹೊಲದಲ್ಲಿ ಮೊಗ್ಗು ಸೀಳುತ್ತಲೇ ಓಣಿಯವರು ಪಂಚಾಯಿತಿ ಮಾಡಿದರು. ರೇಡಿಯೋ ಮೊದಲೇ ತೀರ್ಪು ಕೊಟ್ಟಳು. "ಹೊರೋಣ ಬಿಡ್ರೇ. ಮಗು ನರ್ಸಾಗ್ಲಿ. ನಾಳೆ ನಮಗೆಲ್ಲ ಸೂಜಿ ಚುಚ್ಚೋಕೆ ಒಬ್ಬಳು ಬೇಕಲ್ಲ, ನೋವಾಗದ ಹಾಗೆ."

"ನಿನಗೆ ಬಾಯಿಗೆ ಚುಚ್ಚಬೇಕು" ಎಂದಳು ಅಜ್ಜಿ. ಎಲ್ಲರೂ ನಕ್ಕರು.

"ನೀನೇನಂತೀಯಾ ದಾರದಕ್ಕ?"

ದಾರದಕ್ಕನ ಉಗುರು ಒಂದು ಮೊಗ್ಗಿನ ಮೇಲೆ ನಿಂತಿತ್ತು. ಹದಿಮೂರು ಮನೆಯವರು ತಮ್ಮ ಅಕ್ಕಿಯನ್ನು ತನ್ನ ಮಗಳ ಹಾಸಿಗೆಗೆ ಕೊಡುತ್ತಿದ್ದಾರೆ, ಅದೂ ನಗುನಗುತ್ತ. ಬೇಡ ಎಂದರೆ ಮಗಳ ಸಮವಸ್ತ್ರ ಪೆಟ್ಟಿಗೆಯಲ್ಲೇ ಹಳದಿಯಾಗುತ್ತದೆ.

ಮನೆಗೆ ಬಂದಾಗ ಮಗಳು ಒಲೆಯ ಮುಂದೆ ಕೂತು ಕೇಳಿದಳು. "ಅಮ್ಮ, ಆ ಪತ್ರ ತಗೊಂಡು ನಾನು ಹಾಸ್ಟೆಲ್ಲಿಗೆ ಹೋದ್ರೆ, ಇವರೆಲ್ಲ ಏನು ತಿಂತಾರೆ?"

"ನಿನಗೆ ಯಾಕೆ ಅದು? ನೀನು ಓದು."

"ನಮ್ಮ ಪುಸ್ತಕದಲ್ಲಿ ಮೊದಲನೇ ಪಾಠನೇ ಅದು. ತಿನ್ನದೇ ಇದ್ರೆ ಏನೇನು ಕಾಯಿಲೆ ಬರುತ್ತೆ ಅಂತ."

"ಬಹಳ ಕಲಿತುಬಿಟ್ಟೆ" ಎಂದು ದಾರದಕ್ಕ ಗದರಿದಳು.

ಗುರುವಾರ ಬಂತು. ಎರಡು ಕಾರು, ಒಂದು ಜೀಪು, ಸಾಹೇಬರ ಹೊಸ ಅಂಗಿ. ದೊಡ್ಡವರು ಮೂವರು, ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಲು ಒಬ್ಬ ಹುಡುಗಿ. ದೊಡ್ಡವರು ಕೆಟ್ಟವರೇನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದರು. ಇಬ್ಬರು ಕುರ್ಚಿಯಲ್ಲಿ ಕೂತರು, ಒಬ್ಬರು ಗೋಡೆಗೊರಗಿ ನಿಂತರು. ಫ್ಯಾನು ಗಾಳಿ ಬೀಸಿತು. ಗಾಜಿನ ಲೋಟದಲ್ಲಿ ನೀರು ಕುಡಿದರು. ಅಜ್ಜಿ ರಟ್ಟಿನ ಚಿತ್ರದ ಹಾಗೆಯೇ ಫ್ಯಾನಿನ ಪಕ್ಕದಲ್ಲಿ ನಿಂತಳು. ತಾನು ಈಗ ಪುಸ್ತಕದಲ್ಲಿರುವವಳು ಎಂಬುದನ್ನು ಅವಳು ಮರೆತಿರಲಿಲ್ಲ.

"ಮೊದಲಿಗಿಂತ ಈಗ ಹೇಗಿದೆ ಅಂತ ಕೇಳ್ತಿದ್ದಾರೆ" ಎಂದಳು ತಿರುಗಿಸುವ ಹುಡುಗಿ.

"ಹೂವು ಜಾಸ್ತಿಯಾಗಿದೆ" ಎಂದಳು ದಾರದಕ್ಕ.

ಅದನ್ನು ಹೇಗೆ ತಿರುಗಿಸಿದಳೋ, ದೊಡ್ಡವರು ಬಹಳ ಸಂತೋಷದಿಂದ ತಲೆಯಾಡಿಸಿದರು. ಪಕ್ಕದ ಮನೆ ನೋಡೋಣ ಎಂದು ಎದ್ದರು. ಬೀದಿಯಲ್ಲಿ ರೇಡಿಯೋ ಆಗಲೇ ತಯಾರಿದ್ದಳು. "ಬನ್ನಿ ಬನ್ನಿ, ಪ್ರಯಾಣ ಚೆನ್ನಾಗಾಯ್ತಾ? ನಿಮ್ಮೂರಲ್ಲಿ ಮಳೆ ಹೇಗೆ?" ಅವಳ ಪ್ರಶ್ನೆಗಳನ್ನು ತಿರುಗಿಸುವುದರಲ್ಲಿ ಹುಡುಗಿಗೆ ಉಸಿರು ಕಟ್ಟಿತು.

ಸಾಹೇಬರು ಹಿಂದೆ ಉಳಿದರು. ಹಿಂಬಾಗಿಲಲ್ಲಿ ಎರಡನೇ ಮನೆಯವಳು, ಮೂರನೇ ಮನೆಯವಳು ಸೆರಗು ಕಟ್ಟಿಕೊಂಡು ಕೈ ಚಾಚಿ ನಿಂತಿದ್ದರು. ಆಚೆಗೆ ಹದಿನಾಲ್ಕನೇ ಬಾಗಿಲಿನವರೆಗೂ ಸಾಲು. ಸಾಹೇಬರು ಜೇಬಿನಿಂದ ಮಡಿಸಿದ ಕಾಗದವನ್ನು ಅರ್ಧ ಹೊರಗೆಳೆದು ತೋರಿಸಿದರು. ಕೆಳಗೆ ಮೊಹರು ಬಿದ್ದಿತ್ತು.

"ಬೇಗ ಅಮ್ಮ. ಫ್ಯಾನು ಕಳಿಸಿ."

ದಾರದಕ್ಕ ಕಾಗದ ನೋಡಿದಳು. ಮೂಲೆಯಲ್ಲಿ ನಿಂತ ಮಗಳನ್ನು ನೋಡಿದಳು. ಮಗಳು ಅಜ್ಜಿಯ ಕೈಹಿಡಿದು ನಾಡಿ ಎಣಿಸುತ್ತಿದ್ದಳು.

ದಾರದಕ್ಕ ಕುರ್ಚಿಯ ಹತ್ತಿರ ಹೋದಳು. ಎತ್ತಿಕೊಡುತ್ತಾಳೆಂದು ಎರಡನೇ ಮನೆಯವಳು ಒಂದು ಹೆಜ್ಜೆ ಒಳಗಿಟ್ಟಳು. ದಾರದಕ್ಕ ಅದನ್ನು ಬಾಗಿಲ ಕಡೆಗೆ ತಿರುಗಿಸಿ, ಸೀರೆ ಸರಿಪಡಿಸಿಕೊಂಡು, ಅದರಲ್ಲಿ ಕೂತುಬಿಟ್ಟಳು. ಮರ್ಯಾದೆ ಸಾಮಾನಿನ ಆ ಕುರ್ಚಿಗಳಲ್ಲಿ ಓಣಿಯವರು ಯಾರೂ ಅದುವರೆಗೆ ಕೂತಿರಲಿಲ್ಲ. ಕುರ್ಚಿ ಇನ್ನೂ ಬೆಚ್ಚಗಿತ್ತು.

"ಇದೇನಮ್ಮ?" ಸಾಹೇಬರ ದನಿ ಇಳಿಯಿತು. "ಅವರು ಎರಡನೇ ಮನೆ ಬಾಗಿಲಿಗೆ ಬಂದ್ರು!"

"ಬರ್ಲಿ. ಒಳಗೆ ಹೋಗಿ ನೋಡ್ಲಿ. ಏನಿದೆಯೋ ಅದನ್ನ."

"ಅಲ್ಲಿ ಏನೂ ಇಲ್ಲ!"

"ಅದನ್ನೇ."

"ಮಗಳ ಬಾಳು ಹಾಳು ಮಾಡ್ತೀಯಾ?" ಸಾಹೇಬರ ಬಹುವಚನ ಕಳಚಿಬಿತ್ತು.

"ಕೇಸರ ತೆಗೆಯದ ಹೂವಿಗೆ ನಾನು ಯಾವತ್ತೂ ದಾರ ಕಟ್ಟಿದವಳಲ್ಲ ಸಾಹೇಬರೇ. ಉಸ್ತುವಾರಿಯವನನ್ನ ಕೇಳಿ."

ಹೊರಗಿನಿಂದ ಎರಡನೇ ಮನೆಯ ಬಾಗಿಲು ಕಿರುಗುಟ್ಟಿದ ಸದ್ದು ಬಂತು. ರೇಡಿಯೋ ಎಂದೂ ಇಲ್ಲದಂತೆ ಮಾತು ನಿಲ್ಲಿಸಿದಳು. ಅಜ್ಜಿ ಮೆಲ್ಲನೆ ಬಂದು, ಇನ್ನೊಂದು ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಂಡು ತಾನೂ ಕೂತಳು. ಫ್ಯಾನಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಏಳಮ್ಮ ಮೇಲೆ!" ಎಂದರು ಸಾಹೇಬರು.

"ಏಳಲ್ಲ" ಎಂದಳು ದಾರದಕ್ಕ.