ಏಳನೆಯವನ ನಾಡಿ

ಒಂದೂರಿನಲ್ಲಿ ಹದಿಮೂರು ಜನ ಅಣ್ಣತಮ್ಮಂದಿರು ಕೈಕೈ ಹಿಡಿದು ನಿಂತಿದ್ದರಂತೆ. ಅವರಲ್ಲಿ ಒಬ್ಬನಿಗೆ ಜ್ವರ ಏರಿದರೂ ಮನೆಯೇ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಬಾಗಿಲಲ್ಲೊಬ್ಬ ಕಾವಲುಗಾರ. ಒಬ್ಬೊಬ್ಬರ ನಾಡಿ ಹಿಡಿದು, ಅದನ್ನು ಅಂಕಿ ಮಾಡಿ ಕೂಗುವುದು ಅವನ ಕೆಲಸ. ಒಂದು ದಿನ ಏಳನೆಯವನ ನಾಡಿ ಕೈಗೆ ಸಿಗಲಿಲ್ಲ. ಕಾವಲುಗಾರ ಆರನೆಯವನ ಅಂಕಿಯನ್ನೇ ಎರಡು ಸಲ ಕೂಗಿಬಿಟ್ಟ.

ಸ್ಕೂಟರ್ ಬ್ಯಾಟರಿಯ ಹದಿಮೂರು ಸೆಲ್ಲುಗಳ ವೋಲ್ಟೇಜನ್ನು ಅಂಕಿಯಾಗಿಸುವ ಉಗುರಗಲದ ಚಿಪ್ಪನ್ನು ಶಿವಕುಮಾರಿ ಅರ್ಥ ಮಾಡಿಕೊಂಡದ್ದು ಹೀಗೆ, ಅಜ್ಜಿ ಹನುಮವ್ವನ ಕಥೆಯ ಧಾಟಿಯಲ್ಲಿ. ಆದರೆ ಎರಡು ಸಲ ಕೂಗಿಸಿದವಳೂ ಅವಳೇ. ಎರಡು ತಿಂಗಳ ಹಿಂದೆ, ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಈ ರಿಪೇರಿ ಅಂಗಡಿಯಲ್ಲಿ, ಮಾಲೀಕ ದಾನಪ್ಪ ಹೇಳಿದನೆಂದು ಅಂಥ ಚಿಪ್ಪಿನ ಎರಡು ಹಳೆಯ ಬೋರ್ಡುಗಳಲ್ಲಿ ಆರನೆಯ ಸೆಲ್ಲಿನ ಅಂಕಿಯ ದಾರಿಯಿಂದ ಕೆಟ್ಟುಹೋದ ಏಳನೆಯದರ ದಾರಿಗೆ ಕೂದಲೆಳೆಯಂಥ ತಂತಿ ಬೆಸೆದಿದ್ದಳು. "ಹೊಸ ಬೋರ್ಡ್ ಬಂದ ಕೂಡ್ಲೆ ನಾನ ಕಿತ್ತಿಡ್ತೀನ್ರಿ" ಎಂದು ಅವನಿಗೆ ಮಾತು ಕೊಟ್ಟಿದ್ದಳು. ಬೋರ್ಡ್ ಬಂದೇ ಇರಲಿಲ್ಲ.

ಬಂದವನು ಗಿರಾಕಿ ಸಾಯಬಣ್ಣ, ಕೈಯಲ್ಲಿ ಕಬ್ಬಿಣದ ಸರಳು ಹಿಡಿದು. ಆ ಎರಡು ಬೋರ್ಡುಗಳಲ್ಲೊಂದು ಇದ್ದದ್ದು ಅವನ ಬ್ಯಾಟರಿಯಲ್ಲಿ. ನಿನ್ನೆ ವಡಾಲದ ಚಾಳಿನಲ್ಲಿ ಹೆಂಡತಿ ನೀಲಾಬಾಯಿ ಚಾರ್ಜಿಗೆ ಹಚ್ಚಿದ್ದಾಗ ಅದು ಸಿಡಿದು, ಅವಳ ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು.

"ಗ್ಯಾರಂಟಿ ಅಂದಿದ್ದೆಲ್ಲಲೇ ದಾನ್ಯಾ? ತಗೋ ಗ್ಯಾರಂಟಿ!"

ಸರಳು ದಾನಪ್ಪನ ಹೆಗಲ ಮೇಲೆ ಬಿತ್ತು. ಎಲುಬು ಲಟಕ್ಕೆಂದಿತು. ನೆಲಕ್ಕುರುಳಿದ ದಾನಪ್ಪ ಬೆರಳು ತೋರಿಸಿದ. "ನಾ ಅಲ್ಲೋ ಯಪ್ಪಾ! ತಂತಿ ಹಚ್ಚಿದಾಕಿ ಅಕಿ!"

ಎರಡನೆಯ ಏಟಿಗೆ ಶಿವಕುಮಾರಿಯ ಹಣೆ ಸೀಳಿತು. ಕಣ್ಣಿಗಿಳಿದ ರಕ್ತದ ನಡುವೆ ಅವಳಿಗೆ ಮೂಲೆಯ ರ‍್ಯಾಕು ಕಂಡಿತು. ಅಂಥದೇ ಇನ್ನೊಂದು ಬ್ಯಾಟರಿ, ಬೆಳಿಗ್ಗೆ ಸರ್ವಿಸಿಗೆ ಬಂದದ್ದು, ಚಾರ್ಜಾಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಆರನೆಯ ಸೆಲ್ಲು 4.12 ವೋಲ್ಟ್, ಏಳನೆಯದೂ 4.12. ಬ್ಯಾಟರಿ ಪೆಟ್ಟಿಗೆಯ ಮಗ್ಗುಲು ಮಾತ್ರ ಉಬ್ಬಿತ್ತು.

"ಅಣ್ಣಾ, ಹೊಡಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದ್ರಾಗೂ ಅದೇ ತಂತಿ ಅದ. ಅದನ್ನ ಕಿತ್ತಿಂದ ಹೊಡಿ."

"ನಾಟಕ ಮಾಡ್ತಿಯೇನ?"

"ಕೈ ಇಟ್ಟ ನೋಡು."

ಸುಡುತ್ತಿದ್ದ ಪೆಟ್ಟಿಗೆಯ ಮೇಲಿಟ್ಟ ಅಂಗೈಯನ್ನು ಅವನು ಝಾಡಿಸಿ ಹಿಂದಕ್ಕೆಳೆದ. ಮರುಕ್ಷಣವೇ ಗೋಡೆಯಿಂದ ಪ್ಲಗ್ ಕಿತ್ತ. "ಮುಗೀತಲ್ಲ?"

"ಇಲ್ಲಿ ಕಿತ್ರ ಮನ್ಯಾಗ ಹಚ್ತಾರಣ್ಣ. ನೀಲಾಬಾಯಕ್ಕ ಹಚ್ಚಿದಂಗ."

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ಸೋಲ್ಡರಿಂಗ್ ಐರನ್ ಎತ್ತಿಕೊಂಡಳು. ದಾನಪ್ಪ ತೆವಳಿ ಬಂದು ಅವಳ ಕಾಲು ಹಿಡಿದ. "ಮುಟ್ಟಬ್ಯಾಡಲೇ! ಅದಿಲ್ದ ಬ್ಯಾಟ್ರಿ ಚಾಲೂನ ಆಗಂಗಿಲ್ಲ. ಗಿರಾಕಿ ಐದಕ್ಕ ಬರ್ತಾನ!"

ಶಿವಕುಮಾರಿ ಇನ್ನೊಂದು ಕಾಲಿನ ಹಿಮ್ಮಡಿಯಿಂದ ಅವನ ಮಣಿಕಟ್ಟನ್ನು ತುಳಿದಳು. ಅವನು ಚೀರಿದ, ಕೈ ಸಡಿಲಾಯಿತು. ಹಣೆಯಿಂದ ತೊಟ್ಟಿಕ್ಕಿದ ರಕ್ತ ಕಾದ ತುದಿಗೆ ತಾಗಿ ಚುಂಯ್ ಎಂದಿತು. ಬೆಸುಗೆ ಕರಗಿತು. ಚಿಮಟದ ತುದಿಯಲ್ಲಿ ತಂತಿ ಎದ್ದು ಬಂತು.

ಪರದೆಯ ಮೇಲೆ ಏಳನೆಯ ಜಾಗದ ಅಂಕಿ ಅಳಿಸಿ ಸೊನ್ನೆಯಾಯಿತು. ಬೋರ್ಡಿನ ಕೆಂಪು ದೀಪ ಹತ್ತಿತು; ಇನ್ನು ಆ ಬ್ಯಾಟರಿ ಯಾರ ಮನೆಯಲ್ಲೂ ಚಾರ್ಜಾಗದು.

ಅವಳು ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ಸಾಯಬಣ್ಣನ ಕಡೆ ತಿರುಗಿ ನಿಂತಳು. ಅವನ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಇನ್ನೂ ಆ ಪ್ಲಗ್ಗು.