ಊದುಗೊಳವೆಯ ತಪ್ಪಲ್ಲ

ಅರಕೆರೆಯಲ್ಲಿ ಮದುವೆ ಗೊತ್ತಾಯಿತೆಂದರೆ ಗಂಡಿನ ಮನೆಯವರು ಮೊದಲು ಹತ್ತುವುದು ಅಕ್ಕಸಾಲಿ ರಾಮಚಂದ್ರಾಚಾರಿಯವರ ಜಗುಲಿಯನ್ನು. ಮಿಕ್ಕ ಒಡವೆಯನ್ನು ಮೈಸೂರಿನ ಅಂಗಡಿಯಲ್ಲಿ ಕೊಂಡರೂ ತಾಳಿಯನ್ನು ಮಾತ್ರ ಅವರೇ ಮಾಡಬೇಕು. ಅವರ ಹತ್ತಿರ ಗ್ಯಾಸಿನ ಟಾರ್ಚೂ ಇತ್ತು. ಆದರೆ ತಾಳಿಯ ಬೆಸುಗೆಗೆ ಅದನ್ನು ಮುಟ್ಟುತ್ತಿರಲಿಲ್ಲ. ಅಪ್ಪನ ಕಾಲದಂತೆ ದೀಪದ ಉರಿಗೆ ಹಿತ್ತಾಳೆಯ ಊದುಗೊಳವೆ ಹಿಡಿದು ಬಾಯಲ್ಲೇ ಊದುತ್ತಿದ್ದರು. ಅವರು ಊದುವಾಗ ಜಗುಲಿಯಲ್ಲಿ ಕೂತವರೂ ಮಾತು ನಿಲ್ಲಿಸುತ್ತಿದ್ದರು.

ಈಚೆಗೆ ಆ ಊದುಗೊಳವೆ ಕೈಕೊಡತೊಡಗಿತ್ತು. ಊದಿದ ಗಾಳಿ ಎಲ್ಲೋ ಸೋರಿಹೋಗುತ್ತಿತ್ತು. ಉರಿ ಸೂಜಿಯ ಮೊನೆಯಂತೆ ನಿಲ್ಲದೆ ಒಂದು ಕಡೆಗೆ ವಾಲುತ್ತಿತ್ತು.

ಒಂದು ದಿನ ತಮ್ಮ ಮೊಮ್ಮಗನ ಮದುವೆಯ ತಾಳಿಗೆಂದು ಪಕ್ಕದ ಬೀದಿಯ ದೇವಯ್ಯ ಬಂದು ಕೂತಿದ್ದರು.

"ಏನಾಚಾರ್ರೇ, ಊದಿ ಊದಿ ಉಸ್ರೇ ಖಾಲಿ ಆಯ್ತಾ?"

"ಉಸ್ರು ಬೇಕಾದಷ್ಟೈತೆ ದೇವಣ್ಣ. ಕೊಳವೇಲೇ ಎಲ್ಲೋ ತೂತು ಬಿದ್ದೈತೆ."

ಹಾಗೆನ್ನುತ್ತಿರುವಾಗಲೇ ಬಲಗೈಯಲ್ಲಿದ್ದ ಚಿಮಟ ಜಾರಿತು. ಬೇಕೆಂದೇ ಕೆಳಗಿಟ್ಟವರಂತೆ ಆಚಾರಿ ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಬೆರಳುಗಳು ಯಾರದೋ ಬೆರಳಂತಿದ್ದವು. ದೇವಯ್ಯ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಎಲ್ಲವೂ ಮೊದಲಿನಂತಾಯಿತು.

ಆಚಾರಿ ಆ ಕೊಳವೆಯನ್ನು ಮನೆಯೊಳಕ್ಕೆ ಬಿಸಾಕಿದರು. "ಲೇ ನಿಂಗೀ, ಇದನ್ನ ಗುಜರಿಯವ್ನಿಗೆ ಕೊಟ್ಬುಡು" ಎಂದು ಹೆಂಡತಿಗೆ ಕೂಗಿದರು. ಶ್ರೀರಂಗಪಟ್ಟಣಕ್ಕೆ ಹೋಗಿ ಹೊಸದು ತಂದರು. ಕೆಲವು ದಿನ ಕಳೆದ ಮೇಲೆ ಅದೂ ಸೋರಿತು. ಈಗಿನ ಮಾಲೇ ಇಷ್ಟು ಎಂದುಕೊಂಡರು.

ಆದರೆ ಕೈಯಿಂದ ಚಿಮಟ ಜಾರಿದ್ದಕ್ಕೆ ಕೊಳವೆಯನ್ನು ಬಯ್ಯಲು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಅಕ್ಕಸಾಲಿಯ ಕೈ ಸೋತಿದೆ ಎಂಬ ಮಾತು ಒಬ್ಬರ ಬಾಯಿಗೆ ಬಿದ್ದರೆ ಸಾಕು, ಆಮೇಲೆ ಅವನ ಕೈಗೆ ಚಿನ್ನ ಕೊಡುವವರು ಯಾರು?

ಆ ಶನಿವಾರ ಮಗಳು ವೀಣ ಊರಿಗೆ ಬಂದಳು. ಅವಳು ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳ ನಿರ್ವಹಣೆ ಅವಳ ವಿಷಯ. ಅದರಲ್ಲೇ ಸಂಶೋಧನೆ ಮಾಡಿ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡಿದ್ದಳು. ಊರಿಗೆ ಅರ್ಥವಾಗದಿದ್ದುದು ಇದೇ.

"ಡಾಕ್ಟ್ರಮ್ಮಾ, ಮಂಡಿ ನೋವು. ಒಂದ್ ಸೂಜಿ ಚುಚ್ಬುಡವ್ವ" ಎಂದರು ದೇವಯ್ಯ.

"ನಾನು ಸೂಜಿ ಚುಚ್ಚೋ ಡಾಕ್ಟ್ರಲ್ಲ ದೊಡ್ಡಪ್ಪ."

"ಮತ್ಯಾತರ ಡಾಕ್ಟ್ರು?"

"ಲಕ್ವ ಹೊಡ್ದೋರು ಆಸ್ಪತ್ರೆಗೆ ಯಾಕೆ ತಡವಾಗಿ ಬರ್ತಾರೆ, ಬೇಗ ಬರೋ ಹಂಗೆ ಏನು ಮಾಡ್ಬೇಕು ಅಂತ ಹುಡ್ಕೋದು ನನ್ನ ಕೆಲ್ಸ."

"ಬಸ್ಸು ತಡ ಮಾಡ್ತದೆ, ಅದ್ಕೇ ತಡವಾಗಿ ಬತ್ತಾರೆ. ಇಷ್ಟು ತಿಳ್ಕಳಕ್ಕೆ ಅಷ್ಟೊರ್ಸ ಓದ್ಬೇಕಿತ್ತಾ?"

ಜಗುಲಿಯೆಲ್ಲ ನಕ್ಕಿತು. ಆಚಾರಿಯೂ ನಕ್ಕರು. ಆದರೆ ಒಳಗೆ ಎಲ್ಲೋ ಚುಚ್ಚಿತು. ಮಗಳ ಓದು ಏನೆಂದು ಕೇಳಿದವರಿಗೆ ಹೇಳಲು ಅವರಿಗೂ ಸರಿಯಾದ ಮಾತು ಸಿಕ್ಕಿರಲಿಲ್ಲ.

ಊಟವಾದ ಮೇಲೆ ವೀಣ ತಾನು ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಗಳನ್ನು ಅಪ್ಪನಿಗೂ ಕೇಳಿದಳು.

"ನಿಮ್ಮ ಮುಖದ ಒಂದು ಭಾಗ ಯಾವಾಗಲಾದರೂ ಜೋತುಬಿದ್ದಿತ್ತೆ?"

"ನನ್ ಮೊಕ ನಾನೇ ನೋಡ್ಕಂಡು ಕೂತಿರ್ತೀನಾ? ಇಲ್ಲ."

"ಕೈಯಲ್ಲಿ ಇದ್ದಕ್ಕಿದ್ದಂತೆ ಬಲಹೀನತೆ ಕಂಡಿತ್ತೆ?"

ಆಚಾರಿ ಬೀದಿಯ ಕಡೆ ನೋಡಿದರು. ನಾಲೆಯ ಕಡೆಯಿಂದ ಕಬ್ಬಿನ ಟ್ರಾಕ್ಟರೊಂದು ಬರುತ್ತಿತ್ತು. ಅದು ಮನೆ ದಾಟಿದ ಮೇಲೆ, "ಇಲ್ಲ" ಎಂದರು.

ವೀಣ ನಿಟ್ಟುಸಿರುಬಿಟ್ಟಳು. "ಎಲ್ರೂ ಹಿಂಗೇ ಅಂತಾರಪ್ಪ. ಪಾಂಡವಪುರದಲ್ಲಿ ಕೇಳ್ದೆ, ಇಲ್ಲ. ಶೀಳನೆರೇಲಿ ಕೇಳ್ದೆ, ಇಲ್ಲ. ನಾಗಮಂಗಲದ ಕಡೇಲೂ ಇಲ್ಲ. ಆಸ್ಪತ್ರೇಲಿ ನೋಡುದ್ರೆ ಅದೇ ಊರ್‍ನೋರು ಕೈಕಾಲು ಬಿದ್ದೋಗಿ ಮಲ್ಗವ್ರೆ. ಮೈ ಮುಂಚೇನೇ ಒಂದು ಸುಳಿವೂ ಕೊಟ್ಟಿರಲ್ವಾ?"

ಅಪ್ಪ ಎದ್ದು ಚಾಪೆ ಹಾಸಿಕೊಂಡರು. ಅವರಿಗೆ ಆಯಾಸವಾಗಿದೆಯೆಂದು ಅವಳು ತಿಳಿದಳು.

ಮರುದಿನ ಭಾನುವಾರ. ಬೆಳಿಗ್ಗೆ ಹಿತ್ತಲಿನಲ್ಲಿ ನಿಂಗಮ್ಮ ಸ್ನಾನದ ನೀರಿಗೆ ಒಲೆ ಹಚ್ಚುತ್ತಿದ್ದರು. ಹಸಿ ಸೌದೆ ಹೊಗೆಯಾಡುತ್ತಿತ್ತು. ಅವರು ಒಂದು ಹಿತ್ತಾಳೆ ಕೊಳವೆ ತೆಗೆದುಕೊಂಡು ಊದಿದ ಕೂಡಲೇ ಉರಿ ಭುಗ್ಗೆಂದು ಎದ್ದಿತು.

"ಅವ್ವ, ಇದು ಅಪ್ಪ ತಾಳಿ ಬೆಸಿಯೋ ಕೊಳವೆ ಅಲ್ವಾ?"

"ಊಂ ಕಣೆ. ತೂತು ಬಿದ್ದೈತೆ, ಗಾಳಿ ಸೋರ್ತದೆ ಅಂತ ಬಿಸಾಕುದ್ರು. ನಂಗಂತೂ ಒಂದಿನಾನೂ ಸೋರ್‍ನಿಲ್ಲ. ಗುಜರಿಗೆ ಯಾಕಾಕ್ಲಿ?"

ವೀಣ ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ ಊದಿ ನೋಡಿದಳು. ಗಾಳಿ ಎಲ್ಲಿಂದಲೂ ಹೊರಬರಲಿಲ್ಲ. ಕೊಳವೆ ಸೋರದಿದ್ದರೆ ಸೋರಿದ್ದೇನು ಎಂದುಕೊಂಡಳು. ಆಮೇಲೆ ಎದ್ದು ಜಗುಲಿಗೆ ಹೋಗಿ ಅಪ್ಪನ ಎದುರು ಕೂತಳು. ನಿನ್ನೆಯ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ.

"ಅಪ್ಪ, ಊದುವಾಗ ಗಾಳಿ ಎಲ್ಲಿಂದ ಸೋರ್ತಿತ್ತು?"

ಆಚಾರಿಯ ಬೆರಳು ತಾನಾಗಿಯೇ ತುಟಿಯ ಬಲ ಮೂಲೆಗೆ ಹೋಯಿತು. ಅಲ್ಲೇ ನಿಂತಿತು. ಗಾಳಿ ಕೊಳವೆಯಿಂದಲ್ಲ, ತನ್ನ ಬಾಯಿಂದಲೇ ಸೋರುತ್ತಿತ್ತು ಎಂಬುದು ಆ ಬೆರಳಿಗೆ ಮೊದಲು ಗೊತ್ತಾಯಿತೇನೋ.

"ಆಗ ಕೈ ಹೆಂಗಿತ್ತಪ್ಪ?"

ಬಾಗಿಲಲ್ಲಿ ನಿಂಗಮ್ಮ ಬಂದು ನಿಂತಿದ್ದರು. ಆಚಾರಿ ಹೆಂಡತಿಯ ಮುಖ ನೋಡಿ, ಆಮೇಲೆ ನೆಲ ನೋಡಿ ಹೇಳಿದರು. "ಚಿಮಟ ಬಿದ್ದೋಯ್ತು. ಸೊಲ್ಪ ಹೊತ್ತು ಅಷ್ಟೇಯ. ಆಮ್ಯಾಕೆ ಸರಿಹೋಯ್ತು ಬುಡು."

"ಮತ್ತೆ ಯಾವಾಗ ಹಂಗಾಯ್ತು?"

"ಮೊನ್ನೆ."

"ಬೀಪಿ ಮಾತ್ರೆ ನುಂಗ್ತಿದ್ದೀಯಾ?"

"ಅದನ್ನ ಬುಟ್ಟು ಕಾಲ ಆಯ್ತು. ಮೈ ಚೆನ್ನಾಗಿತ್ತಲ್ಲ, ಇನ್ಯಾಕೆ ಅಂತ..."

ನಿಂಗಮ್ಮ ಸೆರಗು ಬಾಯಿಗೆ ಹಿಡಿದರು. ವೀಣ ಮೆಲ್ಲಗೆ ಹೇಳಿದಳು.

"ನೋಡಪ್ಪ, ಮಿದುಳಿಗೆ ರಕ್ತ ಹೋಗೋ ನಾಳ ಒಂದು ಗಳಿಗೆ ಕಟ್ಕೊಂಡು ಮತ್ತೆ ಬಿಟ್ಕೊಂಡಿರ್ಬೋದು. ಬಿಟ್ಕೊಂಡ್ರೆ ಎಲ್ಲ ಸರಿಹೋದಂಗೆ ಕಾಣುತ್ತೆ. ಆದ್ರೆ ಅದು ದೊಡ್ಡ ಲಕ್ವಕ್ಕೆ ಮುಂಚಿನ ಎಚ್ಚರಿಕೆ. ಇನ್ನೊಂದ್ಸಲ ಬಿಟ್ಕೊಳ್ದೇ ಹೋದ್ರೆ ಕೈ ಹಂಗೇ ಉಳ್ದುಬಿಡುತ್ತೆ. ಮಾತೂ ಹೋಗ್ಬೋದು, ಜೀವಾನೂ ಹೋಗ್ಬೋದು. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

"ಇವತ್ತಾ? ದೇವಣ್ಣನ ತಾಳಿ ಮುಗ್ದಿಲ್ಲ. ಮೂರ್ತ ಅತ್ರ ಬಂದೈತೆ. ಅದನ್ನ ಕೊಟ್ಬುಟ್ಟು ಓಗನ."

"ತಾಳಿ ಕಾಯುತ್ತೆ, ನಾಳ ಕಾಯಲ್ಲ."

"ಜನ ಏನಂದಾರು ಮಗ? ಆಚಾರಿ ಕೈ ಬಿದ್ದೋಯ್ತು ಅಂದ್ರೆ ನಾನು ಬದುಕಿದ್ದೂ ಸತ್ತಂಗೆ!"

ಅಷ್ಟರಲ್ಲಿ ದೇವಯ್ಯ ಬಂದರು. "ಏನು, ಅಪ್ಪ ಮಗ್ಳು ಬೆಳಿಗ್ಗೇನೇ ಜಗ್ಳಕ್ಕೆ ಬಿದ್ದಿದ್ದೀರಿ?"

ಆಚಾರಿ ಕಣ್ಸನ್ನೆ ಮಾಡಿದರೂ ನಿಂಗಮ್ಮ ತಡೆದುಕೊಳ್ಳಲಿಲ್ಲ. ಬಾಯಿಂದ ಗಾಳಿ ಸೋರಿದ್ದು, ಚಿಮಟ ಜಾರಿದ್ದು, ಎಲ್ಲವನ್ನೂ ಹೇಳಿಬಿಟ್ಟರು. ಆಚಾರಿ ತಲೆ ತಗ್ಗಿಸಿದರು. ಈಗ ಈತ ತನ್ನ ಚಿನ್ನ ವಾಪಸ್ ಕೇಳುತ್ತಾನೆ, ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡು ಕಾದರು.

ದೇವಯ್ಯ ಜಗುಲಿಯ ಅಂಚಿಗೆ ಕೂತರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಮ್ ಸೋಮಮ್ಮಂಗೂ ಇಂಗೇಯ ಆಗಿತ್ತು ಕಣವ್ವ" ಎಂದರು. ಸೋಮಮ್ಮ ಅವರ ತೀರಿಹೋದ ಹೆಂಡತಿ. "ಎಲೆಅಡ್ಕೆ ರಸ ಬಾಯಿ ಒಂದ್ ಮಗ್ಗುಲಿಂದ ಸೀರೆ ಮ್ಯಾಲೆ ಸೋರೋದು. ಅಲ್ಲು ಬಿದ್ದೋದ ಮುದ್ಕಿ ಅಂತ ನಾನೇ ಆಡ್ಕಂಡು ನಗ್ತಿದ್ದೆ. ಅದಾಗಿ ವಾರ ಒಪ್ಪತ್ತಿಗೆ..." ಅಲ್ಲಿಗೆ ನಿಲ್ಲಿಸಿದರು. ಮತ್ತೆ ವೀಣಳ ಕಡೆ ತಿರುಗಿ, "ಅವ್ಳು ತೀರ್ಕಂಡಾಗ ನೀನು ಕೇಳಿದ್ಕೆ ಮುಂಚೆ ಏನೂ ಇರ್‍ನಿಲ್ಲ ಅಂದ್ನಲ್ಲ, ಸುಳ್ಳೇಳ್ನಿಲ್ಲ. ಅದೂ ಒಂದು ಕಾಯ್ಲೆ ಅಂತ ಯಾರಿಗ್ ಗೊತ್ತಿತ್ತು?"

ದೇವಯ್ಯನೇ ಮೊದಲು ಎದ್ದರು.

"ಚಿನ್ನ ನಿಮ್ಮತ್ರಾನೇ ಇರ್ಲಿ ಆಚಾರ್ರೇ. ಯಾರ್ ಕೇಳುದ್ರೀಗ ತಾಳೀನ? ಮೊದ್ಲು ಎದ್ದು ಅಂಗಿ ಆಕ್ಕಳಿ. ನಾನು ಕಾರು ಯೋಳ್ತೀನಿ."

ಕಾರು ಬರುವಷ್ಟರಲ್ಲಿ ವೀಣ ಫೋನಿನಲ್ಲಿ ಮಾತಾಡುತ್ತಿದ್ದಳು. ಭಾನುವಾರ ಎಲ್ಲಿ ಸ್ಕ್ಯಾನ್ ಮಾಡುತ್ತಾರೆ, ಎಲ್ಲಿ ತಜ್ಞ ವೈದ್ಯರಿದ್ದಾರೆ, ಯಾವ ಬಾಗಿಲಿಂದ ಒಳಗೆ ಹೋದರೆ ಹೊತ್ತು ಉಳಿಯುತ್ತದೆ, ಎಲ್ಲವನ್ನೂ ವಿಚಾರಿಸಿಕೊಂಡಳು. ಅಪ್ಪ ಬರುವ ಸುದ್ದಿಯನ್ನೂ ಮೊದಲೇ ತಿಳಿಸಿದಳು. ಆಚಾರಿ ಅದನ್ನು ಕೇಳುತ್ತ ಕೂತಿದ್ದರು. ಗುರುತಿಲ್ಲದ ಊರಲ್ಲಿ ದಾರಿ ಕೇಳುತ್ತ ಅಲೆಯುವ ಹಾಗೆ ರೋಗಿಯನ್ನು ಕರೆದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರನ್ನು ಅವರು ನೋಡಿದ್ದರು. ಮಗಳು ಇಷ್ಟು ವರ್ಷ ಓದಿದ್ದು ಆ ಅಲೆದಾಟವನ್ನು ತಪ್ಪಿಸುವ ವಿದ್ಯೆ ಎಂದು ಅವರಿಗೆ ಈಗ ಹೊಳೆಯಿತು. ಕಾರು ಹತ್ತುವಾಗ ಅವಳ ಹೆಗಲ ಮೇಲೆ ಕೈಯಿಟ್ಟು ಹತ್ತಿದರು.

ಆಸ್ಪತ್ರೆಯಲ್ಲಿ ನೋಡಿದರೆ ಬೀಪಿ ವಿಪರೀತ ಏರಿತ್ತು. ಕತ್ತಿನ ರಕ್ತನಾಳ ಒಂದು ಕಡೆ ಕಿರಿದಾಗಿತ್ತು. ವೈದ್ಯರು, "ಕೈ ಆಡುತ್ತಿರುವಾಗಲೇ ಬಂದಿದ್ದೀರಿ. ಒಳ್ಳೆಯದಾಯಿತು" ಎಂದರು. ಕೆಲವು ದಿನ ಅಲ್ಲೇ ಇರಿಸಿಕೊಂಡು, ದಿನವೂ ತಪ್ಪದೆ ನುಂಗಬೇಕಾದ ಮಾತ್ರೆ ಬರೆದುಕೊಟ್ಟು ಕಳಿಸಿದರು. ಆಗಾಗ ಸೇದುವ ಬೀಡಿಯನ್ನೂ ಬಿಡಬೇಕು, ಉಪ್ಪು ಕಡಿಮೆ ಮಾಡಬೇಕು, ಮೈ ಹಗುರಾಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು ಎಂದರು.

ವೀಣಳ ಪ್ರಶ್ನೆಗಳು ಬದಲಾದವು. ಈಗ ಅವಳು ಮುಖ ಜೋತುಬಿದ್ದಿತ್ತೇ ಎಂದು ಯಾರನ್ನೂ ಕೇಳುವುದಿಲ್ಲ. ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತ್ತಾ, ಕುಡುಗೋಲು ಕೈಜಾರಿತ್ತಾ, ಚಪ್ಪಲಿ ಕಾಲಿಂದ ಕಳಚಿಬಿದ್ದದ್ದು ಗೊತ್ತಾಗದೇ ಹೋಗಿತ್ತಾ, ಆಡಬೇಕಾದ ಮಾತು ನಾಲಿಗೆಗೆ ಬರದೆ ತೊದಲಿತ್ತಾ ಎನ್ನುತ್ತಾಳೆ. ಶೀಳನೆರೆಯಲ್ಲೂ ನಾಗಮಂಗಲದಲ್ಲೂ ಇಲ್ಲ ಎನ್ನುತ್ತಿದ್ದವರು ಈಗ ನೆನಪು ಮಾಡಿಕೊಂಡು ಹೇಳತೊಡಗಿದ್ದಾರೆ.

ಒಂದು ದಿನ ಆಚಾರಿಯೂ ಅವಳ ಜೊತೆ ಪಾಂಡವಪುರದ ಕಡೆ ಹೋದರು. ಆಲೆಮನೆಯಲ್ಲಿ ಒಬ್ಬಾತ ಕೊಪ್ಪರಿಗೆಯ ಪಾಕ ತಿರುವುತ್ತಿದ್ದ. ವೀಣ ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ.

"ಇಲ್ಲ ಬುಡಿ ಮೇಡಮ್ಮು. ನಂಗೇನಾಗೈತೆ? ಕಲ್ಗುಂಡ್ ಇದ್ದಂಗಿವ್ನಿ."

ಆಚಾರಿ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಎಡಗೈಯಿಂದ ಬಲಗೈಯನ್ನು ಮತ್ತೆ ಮತ್ತೆ ನೀವಿಕೊಳ್ಳುತ್ತಿದ್ದ. ಅವರು ಹತ್ತಿರ ಹೋಗಿ ಬಗ್ಗಿ ಹೇಳಿದರು.

"ನಾನು ಅಕ್ಕಸಾಲಿ ಕಣಪ್ಪ. ನನ್ ಕೈಯಿಂದ ಚಿಮಟ ಜಾರಿತ್ತು. ಯಾರ್‍ಗೂ ಯೋಳ್ನಿಲ್ಲ. ಮಾನ ಓಯ್ತದೆ ಅಂದ್ಕಂಡಿದ್ದೆ. ಯೋಳುದ್ ಮ್ಯಾಲೆ ಕೈ ಉಳೀತು."

ಅವನು ತಿರುವುವುದನ್ನು ನಿಲ್ಲಿಸಿದ. ಅತ್ತಿತ್ತ ನೋಡಿದ. ಕೊಪ್ಪರಿಗೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಕೈ ಒರೆಸಿಕೊಂಡು ಬಂದು ಅವರ ಪಕ್ಕದಲ್ಲಿ ಕೂತ.

"ವಾರದಿಂದ ನಂಗೂ ಇಂಗೇ ಆಗ್ತಾದೆ ಸಾಮಿ" ಎಂದ.

ವೀಣ ಬೀಪಿ ನೋಡುವ ಯಂತ್ರವನ್ನು ಚೀಲದಿಂದ ತೆಗೆದಳು.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಕೈಯಿಂದಲೂ ಏನಾದರೂ ಹೀಗೆ ಜಾರಿದೆಯಾ? ನಿಮ್ಮ ಮನೆಯ ಹಿರಿಯರ ಬಾಯಿಂದ ಎಲೆಯಡಿಕೆಯ ರಸ, ಕಾಫಿ, ನೀರು ಒಂದೇ ಕಡೆಯಿಂದ ಸೋರಿದೆಯಾ? ಹಲ್ಲಿನ ಮೇಲೋ ಲೋಟದ ಮೇಲೋ ತಪ್ಪು ಹೊರಿಸಬೇಡಿ. ಆಮೇಲೆ ಸರಿಹೋಯಿತೆಂದು ಸುಮ್ಮನಿರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ, ಮಾತು ತೊದಲುತ್ತಿದ್ದರೆ ಎಣ್ಣೆ ನೀವುತ್ತ ಕೂರಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಮುಂಚೆ ಸಿಕ್ಕಷ್ಟೂ ಒಳ್ಳೆಯದು. ಬೀಪಿ ಮಾತ್ರೆ ಬರೆದುಕೊಟ್ಟಿದ್ದರೆ ಇವತ್ತಿನದನ್ನು ನುಂಗಿದ್ದೀರಾ, ನೋಡಿಕೊಳ್ಳಿ.

ನಿಮ್ಮ ಬಾಗಿಲಿಗೂ ಒಂದು ದಿನ ಯಾರಾದರೂ ಹೀಗೆ ಪ್ರಶ್ನೆ ಕೇಳಲು ಬರಬಹುದು. ಅವರ ಕೈಯಲ್ಲಿ ಸೂಜಿ ಇರುವುದಿಲ್ಲ. ಆದರೂ ಒಳಗೆ ಕರೆದು ಕೂರಿಸಿ. ನಾಚಿಕೆಯಿಂದ ನುಂಗಿಕೊಂಡ ಮಾತೊಂದು ನಿಮ್ಮಲ್ಲಿದ್ದರೆ, ಅದನ್ನು ಅವರಿಗೆ ಹೇಳಿಬಿಡಿ.