ಎಲುಬಿಗೊಂದು ಹಾಡು

ಕಂಠೆಪ್ಪನಿಗೆ ಕಂಠ ಇದ್ದದ್ದು ಹೆಸರಿನಲ್ಲಿ ಮಾತ್ರ. ಅವನು ಬಾಯಿ ತೆರೆದು ಹಾಡಿದರೆ ಕಾಂಕ್ರೀಟ್ ಮಿಕ್ಸರಿಗೂ ತನ್ನ ದನಿ ಇಂಪೆನಿಸಬೇಕು, ಹಾಗೆ. ಅಂಥವನು 2006ರ ಬೇಸಿಗೆಯಲ್ಲಿ ಗೋವೆಯ ಕಾಣಕೋಣದ ಹವಾಲ್ದಾರನ ಮುಂದೆ ನಿಂತು ಹಾಡುವಂತಾದದ್ದು ಒಂದು ಎಲುಬಿನಿಂದ.

ಸಮುದ್ರದ ನೀರು ಒಳನುಗ್ಗುವ ಖಾಡಿಯ ಮೇಲೆ ಸಣ್ಣ ಸೇತುವೆ ಏಳುತ್ತಿತ್ತು. ಕಂಬಕ್ಕೆಂದು ಪಾಯ ತೋಡುವಾಗ ಕಂಠೆಪ್ಪನ ಗುದ್ದಲಿಗೆ ಠಣ್ ಎಂದದ್ದು ಕಲ್ಲಲ್ಲ. ಕೆಸರು ತೊಳೆದು ನೋಡಿದರೆ ಒರಳಿನಷ್ಟು ದಪ್ಪ, ಎರಡೂ ಬದಿಗೆ ರೆಕ್ಕೆ, ನಡುವೆ ತೂತು. ಜೊತೆಗಾರ ಹಣಮಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕಿ, "ಬೆನ್ನೆಲುಬಲೇ. ಮನುಷ್ಯಾಂದ ಐತಿ" ಎಂದು ತೀರ್ಪು ಕೊಟ್ಟ.

"ಇಷ್ಟ ದಪ್ಪ ಮನುಷ್ಯಾ ಯಾಂವಲೇ?"

"ಹಿಂದಿನ ಕಾಲದಾಂವ. ಆಗ ಊಟ ಚಲೋ ಇತ್ತು."

'ಮನುಷ್ಯಾಂದು' ಎಂಬ ಮಾತು ಹವಾಲ್ದಾರನ ಕಿವಿಯವರೆಗೂ ಹೋಯಿತು. ಬಂದವನೇ ಮೀಸೆ ತಿರುವಿ, ಎಲುಬು ಯಾರದೆಂದು ಕಾಲೇಜಿನ ಸಾಹೇಬರು ಹೇಳುವವರೆಗೆ ಅದನ್ನು ತೆಗೆದವನು ಊರು ಬಿಡಕೂಡದು ಎಂದ. ಕಂಠೆಪ್ಪ ಬೆರಳು ಮಡಚಿ ದಿನ ಎಣಿಸಿದ. ನಾಡಿದ್ದು ಬಾದಾಮಿ ಕಡೆಯ ಅವನೂರಲ್ಲಿ ಮಗಳು ಮಂಗಲಾಳ ನಿಶ್ಚಯ. ಬೀಗರೋ ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವರು. 'ಹುಡಿಗಿ ಅಪ್ಪ ಎಲ್ಲಿ?' ಅಂತ ಕೇಳಿದ್ರ, 'ಎಲುಬಿನ ಕೇಸಿನ್ಯಾಗ ಸಿಕ್ಕಾನ' ಅನ್ನೂದೇನು?

ಮರುದಿನ ಮಧ್ಯಾಹ್ನ ಪ್ರೊಫೆಸರ್ ಪೈಂಗಿಣಕರ್ ಕೊಡೆ ಹಿಡಿದು ಹವಾಲ್ದಾರನ ಜೊತೆ ಬಂದರು. ಸಂಜೆಗೆ ಊರಿನ ಬಸ್ಸು. ಕಂಠೆಪ್ಪ ಎಲುಬನ್ನು ಗೋಣಿಚೀಲದಲ್ಲಿ ಸುತ್ತಿ ಶೆಡ್ಡಿನೊಳಗಿಟ್ಟು ಕೈಮುಗಿದು ನಿಂತಿದ್ದ. ಗ್ಯಾಂಗಿನಲ್ಲಿ ಎಲ್ಲ ಕನ್ನಡದವರೇ ಆದ್ದರಿಂದ ಕೊಂಕಣಿ ಅವನ ಕಿವಿಗೆ ಬಿದ್ದರೂ ತಲೆಗೆ ಹತ್ತಿರಲಿಲ್ಲ. ಸಾಹೇಬರು ಅವನತ್ತ ಬೆರಳು ಮಾಡಿ, ಪೀಪಿಯಂಥ ದನಿಯಲ್ಲಿ ಅಪ್ಪಣೆ ಕೊಟ್ಟರು: "ಹಾಡ ಹಾಂಗಾ ಹಾಡ್!"

ಹಾಡು, ಹಾಂಗ ಹಾಡು! ಸಾಹೇಬ್ರಿಗೆ ಕನ್ನಡ ಬರತೈತಿ! ಆದರೆ ಹಾಡ್ಯಾಕೆ?

ಹಣಮಪ್ಪ ಕಿವಿಯಲ್ಲಿ ಉಸುರಿದ: "ಪರೀಕ್ಷಾ ಅದು. ಖೂನಿ ಮಾಡಿದಾಂವ ಹಾಡಿದ್ರ ದನಿ ನಡಗತೈತಿ."

ನಡುಗಬಾರದೆಂದು ಕಂಠೆಪ್ಪ ಹೊಟ್ಟೆಯಿಂದಲೇ ಎತ್ತಿದ: "ಬಾರೋ ನಮ್ಮೂರ ಬಸವಾಆಆ, ಬಾಗಿಲಾ ತಗದೇವೋಓಓ..." ಖಾಡಿಯ ಕೊಕ್ಕರೆಗಳೆಲ್ಲ ಎದ್ದು ಆಚೆ ದಡಕ್ಕೆ ಹಾರಿದವು.

"ಹಾಡ್ ರೇ! ಹಾಡ ಹಾಂಗಾ ಹಾಡ್!" ಸಾಹೇಬರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. ತಾಳ ಹಾಕುತ್ತಿದ್ದಾರೆಂದು ಕಂಠೆಪ್ಪ ಎರಡನೆಯ ನುಡಿಗೆ ಏರಿದ.

ಕೊಂಕಣಿಗರ ಮನೆಗಳಲ್ಲಿ ಪಾತ್ರೆ ತಿಕ್ಕಿ ಬರುತ್ತಿದ್ದ ಹೆಂಡತಿ ಸಾವಂತ್ರೆವ್ವನಿಗೆ ಅದು ದೂರದಿಂದಲೇ ಕೇಳಿಸಿತು. ಓಡಿ ಬಂದಳು.

"ಬಾಯಿ ಮುಚ್ಚರಿ! ಹಾಡ ಅಂದ್ರ ಎಲುಬು, ಹಾಂಗಾ ಅಂದ್ರ ಇಲ್ಲಿ, ಹಾಡ್ ಅಂದ್ರ ತಾ. ಎಲುಬು ಇಲ್ಲಿ ತಾ ಅನ್ನಾಕತ್ತಾರ!"

"ಎಲುಬಿಗೂ ಹಾಡ, ತರೂದಕ್ಕೂ ಹಾಡ? ಮತ್ತ ಹಾಡೂದಕ್ಕ ಏನಂತಾರ ಇವರು?"

"ನೀವು ಹಾಡಿದ್ದಕ್ಕ ಏನೂ ಅನ್ನಲಿಲ್ಲಲ್ಲ, ಅದ ಅವರ ದೊಡ್ಡಸ್ತಿಕಿ."

ಎಲುಬು ಬಂತು. ಸಾಹೇಬರು ತಟ್ಟಿದರು, ಮೂಸಿದರು, ಆಮೇಲೆ ಮಗುವಿನಂತೆ ನಕ್ಕರು. "ದೇವಮಾಸೊ!" ಅಂದರೆ ದೇವರ ಮೀನು, ತಿಮಿಂಗಿಲ. ಯಾವ ಕಾಲದ್ದೋ, ಖಾಡಿಯ ಹೂಳಿನಲ್ಲಿ ಮಲಗಿತ್ತು. ಕೈಗೆ ಬಂದ ಖೂನಿ ಕೇಸು ನೀರುಪಾಲಾಗಿ ಹವಾಲ್ದಾರನ ಮೀಸೆ ಜೋತುಬಿತ್ತು. ಕಂಠೆಪ್ಪನತ್ತ ಕೈ ಬೀಸಿ, ಹೋಗೆಂದು ಹಿಂದಿಯಲ್ಲಿ "ಜಾ!" ಎಂದ.

"ಏನಂದ್ರು?" ಕಂಠೆಪ್ಪ ಹೆಂಡತಿಯನ್ನು ಕೇಳಿದ.

ಸಾವಂತ್ರೆವ್ವನ ಕಿವಿಯಲ್ಲಿನ್ನೂ ಸಾಹೇಬರ ಮಾತೇ ಇತ್ತು. "ಮೀನು!" ಎಂದಳು.

ಜಾ. ಮೀನು. ಕಂಠೆಪ್ಪ ನೆಲಕ್ಕೆ ಕೂತುಬಿಟ್ಟ. "ಜಾಮೀನು! ಅಯ್ಯ, ಕೇಸ ಹಾಕೇ ಬಿಟ್ರೇನ? ನನಗ್ಯಾರ ನಿಲ್ಲತಾರ ಜಾಮೀನು?"

ಸಾವಂತ್ರೆವ್ವ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಆ ಮೀನ ನಿಂತೈತಿ. ನಡೀರಿ ಬಸ್ಸಿಗೆ. ಬೀಗರು ಸಿಟ್ಟಾದ್ರ ಬಿಡಸಾಕ ಯಾವ ಮೀನೂ ಬರಂಗಿಲ್ಲ."